ಮಕ್ಕಳ ಕೈಗೆ ಯಾವ ಚರಿತ್ರೆ?

"ಅಪ್ಪಾ, ಗೆದ್ದವರು ನಾವೋ, ಅವರೋ?" ಎಂದು ಮಗಳು ಕೇಳಿದಳು. ಶಾಲೆಯಲ್ಲಿ ವಾತಾಪಿ ಗೆದ್ದ ನರಸಿಂಹವರ್ಮ ವೀರ. ಮನೆಯಲ್ಲಿ ನಾನು ಹೇಳಿದ ಇಮ್ಮಡಿ ಪುಲಕೇಶಿಯೂ ವೀರ. ಊರಿನಿಂದ ತಂದ ಪುಸ್ತಕದಲ್ಲಿ ಪುಲಕೇಶಿ ಹರ್ಷನನ್ನು ತಡೆದ ಕಥೆ ಪುಟಗಟ್ಟಲೆ ಇತ್ತು; ಬಾದಾಮಿ ಬಿದ್ದುದು ಒಂದೇ ಸಾಲು. ಅದೇ ಸಾಕೆನ್ನಿಸಿತ್ತು. ಪರಸ್ಥಳದಲ್ಲಿರುವ ನಮಗೆ ಅಭಿಮಾನವೇ ಆಸ್ತಿಯಲ್ಲವೆ?

ಆದರೆ ಶಾಸನಗಳನ್ನು ನೋಡಿ. ಪಲ್ಲವರು ಕಂಚಿಯ ಕೋಟೆಯೊಳಗೆ ಅಡಗಿದರೆಂದು 634ರ ಐಹೊಳೆಯ ಶಾಸನ ಹೊಗಳುತ್ತದೆ. 642ರ ಸುಮಾರಿಗೆ ಗೆದ್ದ ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಸುಮಾರು ನೂರು ವರ್ಷಗಳ ಮೇಲೆ ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯ, ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿಯ ಕಂಬದ ಕನ್ನಡ ಶಾಸನ ಸಾರುತ್ತದೆ.

ಇವುಗಳಲ್ಲಿ ಒಂದನ್ನೇ ಕಲಿತ ಮಗು ನೆರೆಮನೆಯ ತಮಿಳು ಗೆಳತಿಯೊಡನೆ ಜಗಳವಾಡೀತು; ಮೂರನ್ನೂ ಕಲಿತರೆ ಜೊತೆಯಲ್ಲಿ ಕೂತು ಮಾತಾಡೀತು. ನಮ್ಮ ಸೋಲನ್ನು ಮುಚ್ಚಿಟ್ಟು ಬೆಳೆಸಿದ ಅಭಿಮಾನ, ನಿಜ ತಿಳಿದ ದಿನ ಕುಸಿಯುತ್ತದೆ. ಮುಚ್ಚಿಟ್ಟ ತಂದೆಯ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಆದ್ದರಿಂದ ಈಗ ಪುಸ್ತಕ ಕೊಳ್ಳುವಾಗ ಮೊದಲು ನಾವು ಸೋತ ಪುಟವನ್ನು ತೆಗೆದು ನೋಡುತ್ತೇನೆ.

ಮಗಳಿಗೆ ಹೇಳಿದೆ: "ಒಮ್ಮೆ ಅವರು, ಒಮ್ಮೆ ನಾವು. ರಜೆಯಲ್ಲಿ ಕಂಚಿಗೆ ಹೋಗಿ ಆ ಕಂಬ ನೋಡೋಣ. ನಿನ್ನ ಗೆಳತಿಯನ್ನೂ ಕರೆ."