ಥಂಡಿ ತಡಕೊಳ್ಳುವ ಗುಣ

ಬಿಸಿಲುನಾಡಿನವರು ಚಳಿಯ ಮಾತಾಡಿದರೆ ಕೇಳಿದವರು ನಗುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂದರೆ ಏಪ್ರಿಲ್ ತಿಂಗಳಲ್ಲಿ ಕಾದು ಕೆಂಡವಾದ ಬಂಡೆ, ಬಿರುಕು ಬಿಟ್ಟ ಎರೆಹೊಲ, ಇಷ್ಟೇ ಹೊರಗಿನವರ ಲೆಕ್ಕ. ಆದರೆ ಪುಷ್ಯ ಮಾಸದಲ್ಲಿ ಬನಶಂಕರಿ ಜಾತ್ರೆಗೆ ಹೋಗಿ, ರಾತ್ರಿಯಿಡೀ ನಾಟಕ ನೋಡಿ, ಬೆಳಗಿನ ಜಾವ ತಂಬೂ ಬಿಟ್ಟು ಹೊರಗೆ ಬಂದವರಿಗೆ ನಮ್ಮ ಥಂಡಿ ಗೊತ್ತು. ಡಿಸೆಂಬರ್ ಕೊನೆಯ ಕೆಲವು ಮುಂಜಾವು ಉಷ್ಣಮಾನ 12-13 ಡಿಗ್ರಿಗೆ ಇಳಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಕೆಳಗೆ. ಕುಲುಮನಾಲಿಯವರಿಗೆ ಇದು ಚಳಿಯೇ ಅಲ್ಲವೆನ್ನಿ. ಆದರೆ ಸ್ಕೂಟಿಯ ಮೇಲೆ ಕುಳಿತವಳಿಗೆ ಲೆಕ್ಕ ಬೇರೆ. ಗಾಳಿ 10 ಡಿಗ್ರಿ ಇದ್ದು ಗಾಡಿ ತಾಸಿಗೆ 50 ಕಿಲೋಮೀಟರು ಓಡಿದರೆ, ಬರಿಮೈಗೆ ಅದು 5-6 ಡಿಗ್ರಿಯಂತೆ ತಾಕುತ್ತದೆ. ಮೈಸುತ್ತ ನಾವೇ ಕಾಯಿಸಿಟ್ಟುಕೊಂಡ ತೆಳುವಾದ ಗಾಳಿಯ ಪದರನ್ನು ವೇಗ ಕಿತ್ತುಕೊಂಡು ಹೋಗುತ್ತದೆ, ಅದಕ್ಕೆ.

ನಮ್ಮ ಶಾಲೆಗೆ ಒಬ್ಬ ಕಿರಿಯ ಶಿಕ್ಷಕಿ ಇಳಕಲ್ಲಿನಿಂದ ಸ್ಕೂಟಿಯ ಮೇಲೆ ಬರುತ್ತಾಳೆ. ಹೋಗಿಬರಲು ದಿನಕ್ಕೆ ಐವತ್ತು ಕಿಲೋಮೀಟರು. ಎಂಟೂವರೆಗೆ ಪ್ರಾರ್ಥನೆ, ಆದ್ದರಿಂದ ಏಳೂಕಾಲಿಗೆ ಮನೆ ಬಿಡಬೇಕು. ಮೊದಲ ಪಿರಿಯಡ್ಡು ಮೂರನೆಯ ತರಗತಿಗೆ ಅವಳದೇ. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನನಗೆ ಡಿಸೆಂಬರ್, ಜನವರಿಯಲ್ಲಿ ಒಂದು ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಉಳಿದ ಹತ್ತು ತಿಂಗಳು ನಗುನಗುತ್ತ ಮಗ್ಗಿ ಹೇಳಿಸುವ ಹುಡುಗಿ, ಆ ಎರಡು ತಿಂಗಳು ಮೊದಲ ಪಿರಿಯಡ್ಡಿನಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದಳು. ಬೆರಳು ಸೆಟೆದು ಸೀಮೆಸುಣ್ಣ ಹಿಡಿಯಲು ಬರುತ್ತಿರಲಿಲ್ಲ. ಎರಡನೆಯ ಪಿರಿಯಡ್ಡಿಗೆ ಮತ್ತೆ ಮೊದಲಿನಂತೆ. ಮೂರನೆಯ ತರಗತಿಯ ಮಕ್ಕಳಿಗೆ ಇದರ ಕಾರಣ ಹೇಗೆ ತಿಳಿಯಬೇಕು? ತಮ್ಮದೇ ತಪ್ಪೆಂದು ತಿಳಿದು ಕೂರುತ್ತವೆ.

2023ರ ದೀಪಾವಳಿಗೆ ಪುಣೆಯಲ್ಲಿರುವ ಅವಳ ಅಣ್ಣ ಒಂದು ಬಿಸಿ ಜಾಕೀಟು ಕಳಿಸಿದ. ತೋಳಿಲ್ಲದ, ಹಗುರವಾದ ಜಾಕೀಟು. ಒಳಗೆ ಬೆನ್ನಿಗೆ, ಹೊಟ್ಟೆಯ ಎರಡು ಬದಿಗೆ ಕಾಯುವ ಪಟ್ಟಿಗಳು, ಕಿಸೆಯಲ್ಲಿ ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕು, ಎದೆಯ ಮೇಲೆ ಒಂದು ಗುಂಡಿ. ಒತ್ತಿ ಹಿಡಿದರೆ ಕೆಂಪು ದೀಪ ಹತ್ತಿ ಬೆನ್ನು ಬೆಚ್ಚಗಾಗುತ್ತದೆ. ಇದರಲ್ಲಿ ಇನ್ನೊಂದು ಜಾತಿಯೂ ಇದೆಯಂತೆ, ಗಾಡಿಯ ಬ್ಯಾಟರಿಗೇ ಜೋಡಿಸುವಂಥದು. ಅದು ಐದಾರು ಆಂಪಿಯರು, ಎಂದರೆ ಅರವತ್ತು ಎಪ್ಪತ್ತು ವಾಟು ಎಳೆಯುತ್ತದೆ. ದೊಡ್ಡ ಮೋಟಾರ್ ಸೈಕಲ್ಲುಗಳಿಗೆ ಅದು ಸರಿ. ನಾಲ್ಕೈದು ಆಂಪಿಯರ್-ಅವರಿನ ಪುಟ್ಟ ಬ್ಯಾಟರಿಯ ಸ್ಕೂಟಿಗೆ ಜೋಡಿಸಿದರೆ ಸಂಜೆ ಗಾಡಿ ತಳ್ಳಿಕೊಂಡೇ ಮನೆಗೆ ಹೋಗಬೇಕು. ಪವರ್ ಬ್ಯಾಂಕಿನದು ಹತ್ತು ವಾಟಿನ ಸಣ್ಣ ಬಿಸಿ, ಆದರೂ ಸಾಕು.

ಮೊದಲ ದಿನವೇ ಮನೆಯಲ್ಲಿ ಮಾತು ಎದ್ದಿತು. “ನಾವೇನು ಥಂಡಿ ಕಂಡಿಲ್ಲೇನು? ನಾಕಕ್ಕ ಎದ್ದು ಹೊಲಕ್ಕ ಹೋಗತಿದ್ವಿ. ಹೆಣಮಕ್ಕಳು ತಡಕೋಬೇಕು” ಎಂದು ಅತ್ತೆ ಅಂದರಂತೆ. ಮೂರು ವಾರಕ್ಕೆ ಜಾಕೀಟು ನಿಂತುಹೋಯಿತು. ಗುಂಡಿ ಒತ್ತಿದರೆ ದೀಪ ಒಮ್ಮೆ ಮಿಣುಕಿ ಆರುತ್ತಿತ್ತು. “ಹೋಗ್ಲಿ ಬಿಡ್ರಿ ಅಕ್ಕಾರ, ನಮಗ ಇಂಥಾವೆಲ್ಲಾ ಹೊಂದೂದಿಲ್ಲ” ಎಂದು ಅವಳೇ ಅದನ್ನು ಚೀಲದಲ್ಲಿ ತುರುಕಿದಳು. ಆ ‘ಹೋಗ್ಲಿ ಬಿಡ್ರಿ’ ಎಂಬ ಮಾತು ನನ್ನನ್ನು ಕಾಡಿತು. ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತದೆ!

ತಡಕೊಳ್ಳುವುದು ಗುಣವೇ? ಗುಣ ಹೌದು, ಇಲ್ಲವೆನ್ನಲಾರೆ. ಮದ್ದಿಲ್ಲದ ನೋವು ಇರುತ್ತದೆ. ಹೆತ್ತವರ ಸಾವು ಇದೆ, ಮಳೆ ಕೈಕೊಟ್ಟ ವರ್ಷ ಇದೆ. ಅಲ್ಲಿ ತಡಕೊಳ್ಳುವವರಿಂದಲೇ ಮನೆ ನಿಲ್ಲುತ್ತದೆ. ಆದರೆ ಮದ್ದು ಇದ್ದ ಕಡೆಯೂ ತಡಕೋ ಎನ್ನುವುದನ್ನು ಯಾವ ಗುಣವೆಂದು ಕರೆಯೋಣ? ಎರಡಕ್ಕೂ ಒಂದೇ ಶಬ್ದ ಬಳಸುತ್ತೇವೆ, ಎರಡಕ್ಕೂ ಒಂದೇ ಶಹಬ್ಬಾಸ್‌ಗಿರಿ ಕೊಡುತ್ತೇವೆ. ಆ ಶಹಬ್ಬಾಸ್‌ಗಿರಿಗೇ ಸೋತು ಎಷ್ಟೋ ಜನ ಹೆಂಗಸರು ಹಲ್ಲುನೋವು, ಸೊಂಟನೋವು, ಹೊಗೆಯೊಲೆ, ಬಾಗಿಲಿಲ್ಲದ ಬಚ್ಚಲು ಎಲ್ಲವನ್ನೂ ತಡಕೊಂಡೇ ಮುಗಿದುಹೋದರು.

ಹಿರಿಯರು ತಡಕೊಂಡರು ಎನ್ನುವುದೂ ಅರ್ಧ ಮಾತೇ. ಅವರು ಸುಮ್ಮನೆ ನಡುಗುತ್ತ ಕೂತಿರಲಿಲ್ಲ, ಕೌದಿ ಹೊಲೆದರು. ಹಳೆಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ತುಂಡು, ಮಕ್ಕಳ ಹರಕು ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ, ಪದರುಗಳ ನಡುವೆ ಗಾಳಿ ಹಿಡಿದಿಟ್ಟರು. ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದರು. ತೊಯ್ದರೂ ಅದು ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಇಂಥ ಬುದ್ಧಿಯನ್ನು ಬರೀ ‘ತಡಕೊಂಡರು’ ಎಂದರೆ ಅದು ಅವರಿಗೇ ಮಾಡಿದ ಅವಮಾನ. ಕೌದಿಯ ತಂಗಿಯೇ ಈ ಜಾಕೀಟು ಎಂದು ನಾನು ಸ್ಟಾಫ್ ರೂಮಿನಲ್ಲಿ ವಾದಿಸಿದೆ. ಗಣಿತದ ಗುರುಗಳು ನಕ್ಕರು. ನಗಲಿ.

ಶನಿವಾರ ಅರ್ಧ ದಿನದ ಶಾಲೆ. ಅವಳನ್ನು ಕರೆದುಕೊಂಡು ಗಾಡಿಗಳ ವೈರಿಂಗ್ ಮಾಡುವ ಹುಡುಗನೊಬ್ಬನ ಬಳಿಗೆ ಹೋದೆ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವನು. ಇಂಥ ಜಾಕೀಟು ಅವನೂ ನೋಡಿರಲಿಲ್ಲ. ಆದರೆ ಅವನು ಕೆಲಸ ಮಾಡಿದ ರೀತಿಯನ್ನು ಮರೆಯಲಾರೆ. ಮೊದಲು ಪವರ್ ಬ್ಯಾಂಕಿಗೆ ತನ್ನ ಮೊಬೈಲು ಹಚ್ಚಿದ. ಚಾರ್ಜ್ ಆಯಿತು. ಅದು ಸರಿ ಇದೆ ಎಂದಾಯಿತು. ಅದಕ್ಕೆ ಎರಡು ತೂತು ಇದ್ದವು, ಒಂದು ಒಂದು ಆಂಪಿಯರಿನದು, ಒಂದು ಎರಡರದು. ಒಂದರದಕ್ಕೆ ಹಚ್ಚಿದರೆ ಜಾಕೀಟಿಗೆ ಸಾಲದು. ಎರಡರದಕ್ಕೇ ಹಚ್ಚಿದ, ಆದರೂ ಆರಿತು. ತಂತಿ ಬದಲಿಸಿ ನೋಡಿದ. ಆಮೇಲೆ ಮೀಟರಿನ ಎರಡು ಕಡ್ಡಿ ಹಿಡಿದು ಒಂದೊಂದೇ ಪಟ್ಟಿ ಅಳೆದ. ಬೆನ್ನಿನದು ಸರಿ, ಬಲದ್ದು ಸರಿ, ಎಡದ್ದಕ್ಕೆ ಮುಳ್ಳು ಒಮ್ಮೆ ಏಳುತ್ತದೆ, ಒಮ್ಮೆ ಬೀಳುತ್ತದೆ. ಕಿಸೆಯ ತಳದಲ್ಲಿ, ಕೂತಾಗಲೆಲ್ಲ ಪವರ್ ಬ್ಯಾಂಕು ಒತ್ತಿ ತಂತಿ ಮಡಚುವ ಜಾಗದಲ್ಲಿ, ಒಳಗಿನ ಎಳೆಗಳು ಹರಿದಿದ್ದವು. ಹರಿದ ಎಳೆ ಒಂದಕ್ಕೊಂದು ತಾಕಿದಾಗ ಪವರ್ ಬ್ಯಾಂಕು ತನ್ನ ರಕ್ಷಣೆಗೆ ತಾನೇ ಆರುತ್ತಿತ್ತು. ಬೆಸುಗೆ ಹಾಕಿ, ಮೇಲೆ ರಬ್ಬರಿನ ಕೊಳವೆ ಏರಿಸಿ, “ಇಲ್ಲಿ ಸ್ವಲ್ಪ ಸಡಿಲ ಬಿಟ್ಟೀನ್ರಿ ಅಕ್ಕಾರ, ಬಿಗಿ ಮಾಡಿದ್ರ ಮತ್ತ ಹರೀತೈತ್ರಿ” ಎಂದ. ಅರವತ್ತು ರೂಪಾಯಿ ತೆಗೆದುಕೊಂಡ.

ಮುಕ್ಕಾಲು ತಾಸು ಅವನು ಯಾರನ್ನೂ ಬೈಯಲಿಲ್ಲ. ‘ಹೆಂಗ ಹಾಕ್ಕೊಂಡಿದ್ರಿ?’ ಎಂದು ಗದರಲಿಲ್ಲ, ‘ಚೀನಾ ಮಾಲು, ಒಗೀರಿ’ ಎನ್ನಲಿಲ್ಲ. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ, ಇದೊಂದೇ ಅವನ ಪ್ರಶ್ನೆ. ನಾವು ಮನೆಗಳಲ್ಲಿ ಮೊದಲು ಹುಡುಕುವುದು ತಪ್ಪಿತಸ್ಥರನ್ನು. ಅಪರಾಧಿ ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ, ಕೆಟ್ಟದ್ದು ಕೆಟ್ಟೇ ಇರುತ್ತದೆ.

ಜಾಕೀಟು ಕಾಯತೊಡಗಿತು, ಆದರೂ ಸೋಮವಾರ ಅವಳ ಕೈ ತಣ್ಣಗೇ ಇತ್ತು. ಮತ್ತೆ ಹುಡುಕಬೇಕಾಯಿತು. ಆ ಹುಡುಗನ ಪದ್ಧತಿಯನ್ನೇ ಹಿಡಿದೆವು. ಅವಳು ದಪ್ಪ ಸ್ವೆಟರಿನ ಮೇಲೆ ಜಾಕೀಟು ತೊಟ್ಟು, ಮೇಲೆ ಏನೂ ಹಾಕುತ್ತಿರಲಿಲ್ಲ. ಬಿಸಿಯೆಲ್ಲ ಗಾಳಿಯ ಪಾಲು. ಈಗ ತೆಳು ಬಟ್ಟೆಯ ಮೇಲೆ ಜಾಕೀಟು, ಅದರ ಮೇಲೆ ಸ್ವೆಟರು, ಎಲ್ಲದರ ಮೇಲೆ ಗಾಳಿ ತೂರದ ಮಳೆಕೋಟು, ಕೈಗೆ ಗವಸು. ಬಹಳ ಹೆಚ್ಚಾಯಿತು. ಆದರೂ ಪೂರ್ತಿ ಅಲ್ಲ. ಕಡೆಗೆ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ ಒಂಬತ್ತೂವರೆ. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು.

‘ನಿನಗ ರಕ್ತ ಕಡಿಮಿ, ಅದಕ್ಕ ಥಂಡಿ’ ಎಂದು ಮನೆಯಲ್ಲಿ ಎರಡು ವರ್ಷದಿಂದ ಹೇಳುತ್ತಲೇ ಇದ್ದರಂತೆ. ಮಾತು ಸುಳ್ಳಲ್ಲ! ಆದರೆ ಹೇಳಿದವರು ಯಾರೂ ದವಾಖಾನೆಗೆ ಕರೆದೊಯ್ಯಲಿಲ್ಲ. ‘ರಕ್ತ ಕಡಿಮಿ’ ಎಂಬುದು ಅಲ್ಲಿ ಪ್ರಶ್ನೆಗೆ ಉತ್ತರವಾಗಿರಲಿಲ್ಲ, ಪ್ರಶ್ನೆಯ ಬಾಯಿ ಮುಚ್ಚುವ ಮಾತಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಇಷ್ಟು ಜನ ತಡಕೊಂಡಿರುವುದನ್ನು ಗುಣವೆನ್ನಲು ನನಗೆ ನಾಲಗೆ ಏಳದು. ಅವಳೀಗ ಕಬ್ಬಿಣದ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ. ಊಟದ ಹಿಂದೆಯೇ ಚಹಾ ಕುಡಿಯುವುದನ್ನು ಬಿಡಿಸಲು ಮಾತ್ರ ನನ್ನಿಂದ ಆಗಿಲ್ಲ.

ಈ ಬಿಸಿ ಉಡುಪಿನ ಚರಿತ್ರೆ ಓದುವಾಗ ಎರಡು ಸಂಗತಿ ಸಿಕ್ಕವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಸೈನಿಕರು 25,000 ಅಡಿ ಎತ್ತರದಲ್ಲಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಹಾರಬೇಕಾಗುತ್ತಿತ್ತು. ಅವರಿಗೆ ಕೊಟ್ಟ ಮೊದಲಿನ ವಿದ್ಯುತ್ ಉಡುಪು ನಮ್ಮ ಗಣಪತಿ ಹಬ್ಬದ ಹಳೆಯ ಸೀರಿಯಲ್ ಸೆಟ್ಟಿನಂತೆ. ಒಂದು ಕಡೆ ತಂತಿ ಹರಿದರೆ ಇಡೀ ಉಡುಪೇ ತಣ್ಣಗೆ. ಆಮೇಲಿನವುಗಳಲ್ಲಿ ಜೋಡಣೆ ಬದಲಿಸಿದರು. ಇನ್ನೊಂದು, 1970ರ ದಶಕದ ಕಥೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಗಾರ್ಡನ್ ಗರ್ಬಿಂಗ್ ಎಂಬುವರ ಕಾರ್ಖಾನೆಗೆ ಮೋಟಾರ್ ಸೈಕಲ್ಲಿನ ಮೇಲೆ ಬರುವ ಕೆಲಸಗಾರರು ಚಳಿಗಾಲದಲ್ಲಿ ಮೈ ಬೆಚ್ಚಗಾಗುವವರೆಗೆ ಕೆಲಸಕ್ಕೆ ಕೈ ಹಾಕಲಾಗದೆ ಕೂರುತ್ತಿದ್ದರಂತೆ. ಅದನ್ನು ನೋಡಿ ಆತ ಗಾಡಿಯ ಬ್ಯಾಟರಿಯಿಂದ ಕಾಯುವ ಉಡುಪು ಮಾಡಲು ಹೊರಟರು. ‘ಸೋಮಾರಿಗಳು’ ಎಂದು ಪಗಾರ ಹಿಡಿಯಬಹುದಿತ್ತು. ಲಾಭಕ್ಕೇ ಮಾಡಿದರು ಎನ್ನಿ, ಆದರೂ ಮೊದಲು ಕಂಡದ್ದು ಸೆಟೆದ ಕೈಗಳು.

ಇಷ್ಟಾದರೂ ಅವಳು ಜಾಕೀಟನ್ನು ಶಾಲೆಯ ಗೇಟಿನ ಹೊರಗೇ ಬಿಚ್ಚಿ ಡಿಕ್ಕಿಯಲ್ಲಿಟ್ಟು ಒಳಗೆ ಬರುತ್ತಿದ್ದಳು. ಕೇಳಿದೆ. “ನಮ್ಮ ಹುಡುಗರು ಬರೇ ಅಂಗಿಮ್ಯಾಲೆ ಕುಂತಿರ್ತಾವ್ರಿ. ಅವುಗಳ ಮುಂದ ನಾ ಕರೆಂಟಿನ ಅಂಗಿ ಹಾಕ್ಕೊಂಡು ನಿಂದ್ರಲೇನ್ರಿ?” ಎಂದಳು. ಅತ್ತೆಯ ಮಾತಿಗೆ ಉತ್ತರ ಕೊಟ್ಟಷ್ಟು ಸುಲಭವಾಗಿ ಇದಕ್ಕೆ ಉತ್ತರ ಕೊಡಲಾಗಲಿಲ್ಲ. ಅವಳು ನಡುಗಿದರೆ ಒಂದು ಮಗುವೂ ಬೆಚ್ಚಗಾಗುವುದಿಲ್ಲ, ಇದು ನಿಜ. ಚಳಿಯಲ್ಲಿ ಸೆಟೆದವಳ ಸಿಡುಕು ಆ ಮಕ್ಕಳ ಪಾಲಿಗೇ ಬರುತ್ತಿತ್ತು, ಅದೂ ನಿಜ. ಆದರೂ ಅವಳ ಸಂಕೋಚವನ್ನು ಸುಳ್ಳು ಸಂಕೋಚವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆ ಸಂಕೋಚ ಇಲ್ಲದವರು ಬೆಚ್ಚಗಿದ್ದೂ ಏನನ್ನೂ ಕಾಣುವುದಿಲ್ಲ. ಬಿಚ್ಚಿಡಬೇಡ, ಆದರೆ ಎಷ್ಟು ಮಕ್ಕಳಿಗೆ ಸ್ವೆಟರು ಇಲ್ಲ ಎಂದು ಎಣಿಸು ಎಂದೆ. ಎಣಿಸಿದಳು. ಅವಳ ತರಗತಿಯಲ್ಲಿ ಹನ್ನೊಂದು ಮಕ್ಕಳಿಗೆ ಇರಲಿಲ್ಲ.

ನಾವು ಶಿಕ್ಷಕಿಯರು ಮನೆಯ ಹಳೆಯ ಸ್ವೆಟರು ಒಗೆದು, ಗುಂಡಿ ಹಚ್ಚಿ ತಂದೆವು. ಒಂಬತ್ತು ಮಕ್ಕಳು ಖುಷಿಯಿಂದ ತೊಟ್ಟುಕೊಂಡವು. ಇಬ್ಬರು ಒಲ್ಲೆ ಎಂದರು. ಒಬ್ಬನಂತೂ ಕೈ ಹಿಂದಕ್ಕೆ ಕಟ್ಟಿಕೊಂಡು, “ನಮ್ಮಪ್ಪ ಹೊಸಾದು ತರತಾನ್ರಿ” ಎಂದ. ಒತ್ತಾಯ ಮಾಡಬೇಕೆಂದು ಕೆಲವರು, ಬಿಡಬೇಕೆಂದು ಕೆಲವರು. ಎಂಟು ವರ್ಷದ ಮಗುವಿನ ಮಾನ ದೊಡ್ಡದೋ ಅದರ ಎದೆಯ ಕಫ ದೊಡ್ಡದೋ ಎಂದು ಸ್ಟಾಫ್ ರೂಮಿನಲ್ಲಿ ಒಂದಿಡೀ ವಿರಾಮ ವಾದ ನಡೆಯಿತು. ಬಿಡಬೇಕೆಂದವರಲ್ಲಿ ನಾನೂ ಒಬ್ಬಳು. ಆ ಹುಡುಗನನ್ನು ಈಗ ಅವಳು ಕಿಟಕಿಯ ಹತ್ತಿರದಿಂದ ಎಬ್ಬಿಸಿ, ಮುಂಜಾನೆಯ ಬಿಸಿಲು ಬೀಳುವ ಮೂರನೆಯ ಸಾಲಿಗೆ ಕೂರಿಸಿದ್ದಾಳೆ. ಯಾಕೆಂದು ಅವನಿಗೆ ಹೇಳಿಲ್ಲ.

ಜಾಕೀಟು ಇನ್ನೂ ನಡೆಯುತ್ತಿದೆ. ಹಿಂಡಬಾರದು, ಮಡಚಿ ಒತ್ತಿಡಬಾರದು, ಪವರ್ ಬ್ಯಾಂಕು ತೆಗೆಯದೆ ನೀರಿಗೆ ಹಾಕಬಾರದು, ತೊಟ್ಟುಕೊಂಡು ಮಲಗಬಾರದು, ಸಕ್ಕರೆ ರೋಗದಿಂದ ಚರ್ಮ ಜೋಮು ಹಿಡಿದವರು ಸುಟ್ಟುಕೊಳ್ಳುವ ಭಯವಿದೆ ಎಂದೆಲ್ಲ ಅವಳು ಅತ್ತೆಗೆ ಒಂದೊಂದಾಗಿ ಹೇಳಿಕೊಟ್ಟಿದ್ದಾಳಂತೆ. ಯಾಕೆ ಎನ್ನುವಿರಾ? ರವಿವಾರ ಅದು ಅವರ ಸೊಂಟಕ್ಕೆ.