ವಿಹಾರದ ಪರಿಮಾಣ

ಬೇಸಿಗೆಯ ರಜೆ ಸಮೀಪಿಸಿದಾಗ ಅಜ್ಜನ ಊರಿಗೆ ಬಸ್ಸಿನ ದರವೆಷ್ಟಾಗಿದೆ ಎಂದು ವಿಚಾರಿಸುವುದು ಒಂದು ಕಾಲದ ವಾಡಿಕೆ. ಇಂದು ಅನೇಕ ಮಧ್ಯಮವರ್ಗದ ಮನೆಗಳಲ್ಲಿ ಡಾಲರಿನ ದರವೆಷ್ಟಾಗಿದೆ ಎಂಬ ವಿಚಾರಣೆ ನಡೆಯುತ್ತದೆ. ಕುಟುಂಬಸಮೇತ ವಿದೇಶಕ್ಕೆ ಹೋಗಿಬರುವುದು ಶ್ರೀಮಂತರಿಗೆ ಮೀಸಲಾಗಿದ್ದ ದಿನಗಳು ಕಳೆದವು. ಆದರೆ ರೂಪಾಯಿಯ ಬೆಲೆ ಕುಸಿದಾಗ ಆ ಮನೆಗಳಲ್ಲಿ ಏಳುವ ಪ್ರಶ್ನೆ ಕೇವಲ ಗಣಿತದ್ದೆಂದು ತಿಳಿಯುವುದು ಸರಿಯಲ್ಲ. ‘ನಮಗೆ ಇದು ಎಟಕುತ್ತದೆಯೇ’ ಎಂಬ ಮಾತಿನೊಳಗೆ ‘ಇದರ ಬೆಲೆಯನ್ನು ನಿಜವಾಗಿ ತೆರುವವರು ಯಾರು’ ಎಂಬ ಇನ್ನೊಂದು ಪ್ರಶ್ನೆ ಅಡಗಿದೆ. ಶ್ರಾವಕಾಚಾರಕ್ಕೆ ಸಂಬಂಧಿಸಿದ್ದು ಆ ಎರಡನೆಯ ಪ್ರಶ್ನೆ.

ದಾವಣಗೆರೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ಬಟ್ಟೆ ಅಂಗಡಿಯೊಂದರ ಪಾಲುದಾರರು. ಪತ್ನಿ ಶಾಲಾ ಶಿಕ್ಷಕಿ. ಓದುವ ಇಬ್ಬರು ಮಕ್ಕಳು. ಮೊಣಕಾಲು ನೋವಿನ ಅಜ್ಜಿ. ಬಾಲಿ ದ್ವೀಪಕ್ಕೆ ಹೋಗಿಬರುವ ಮಾತನ್ನು ಮಕ್ಕಳಿಗೆ ಕೊಟ್ಟದ್ದು 2024ರ ಆರಂಭದಲ್ಲಿ. ಆಗ ಡಾಲರೊಂದಕ್ಕೆ ಸುಮಾರು 83 ರೂಪಾಯಿ. ಪ್ರವಾಸದ ವೆಚ್ಚ 4,000 ಡಾಲರು ಎಂದಿಟ್ಟುಕೊಂಡರೆ 3,32,000 ರೂಪಾಯಿ. ಹಣ ಕೂಡಿಸುವುದರಲ್ಲಿ ಎರಡು ವರ್ಷ ಕಳೆಯಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಡಾಲರು 90 ರೂಪಾಯಿಯನ್ನು ದಾಟಿತು. ಅದೇ ವಿಮಾನ, ಅದೇ ಕೊಠಡಿ, ಅದೇ ಸಮುದ್ರ. ವೆಚ್ಚ ಮಾತ್ರ 3,60,000. ಪ್ರವಾಸದಲ್ಲಿ ಸಾವಿರ ಡಾಲರನ್ನು ಕಾರ್ಡಿನ ಮೂಲಕ ಖರ್ಚು ಮಾಡಿದರೆ ಶೇ. 3.5ರ ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ ಶೇ. 18ರ ತೆರಿಗೆ ಸೇರಿ ಮತ್ತೆ 3,700 ರೂಪಾಯಿಗೂ ಹೆಚ್ಚು ಬೀಳುತ್ತದೆ. ಯಾರೂ ಹೆಚ್ಚಿಗೆ ಏನನ್ನೂ ಬಯಸಲಿಲ್ಲ. ಆದರೂ ಮೂವತ್ತು ಸಾವಿರ ರೂಪಾಯಿಗಿಂತ ಹೆಚ್ಚಿನ ಕೊರತೆ ಎದುರು ನಿಂತಿತು.

ಕೊರತೆಯನ್ನು ತುಂಬುವ ದಾರಿಗಳು ಗೃಹಸ್ಥನಿಗೆ ಬೇಗ ಹೊಳೆಯುತ್ತವೆ. ಅಜ್ಜಿಯ ಮೊಣಕಾಲಿನ ಚಿಕಿತ್ಸೆ ಮುಂದಿನ ವರ್ಷಕ್ಕೆ ಹೋಗಬಹುದು. ಅವರೂ ‘ನನಗೇನು ಅವಸರ’ ಎನ್ನುತ್ತಾರೆ. ಮನೆಗೆಲಸದಾಕೆ ಕೇಳಿದ ಸಂಬಳದ ಏರಿಕೆಯನ್ನು ದೀಪಾವಳಿ ಕಳೆದ ಮೇಲೆ ನೋಡೋಣ ಎನ್ನಬಹುದು. ಪ್ರತಿ ವರ್ಷ ಬಡ ವಿದ್ಯಾರ್ಥಿಯೊಬ್ಬನ ಶುಲ್ಕಕ್ಕೆ ಕೊಡುತ್ತಿದ್ದ ಹಣ ಈ ಸಲ ಅರ್ಧವಾಗಬಹುದು. ಈ ಮೂವರಲ್ಲಿ ಯಾರೂ ಗಟ್ಟಿಯಾಗಿ ಆಕ್ಷೇಪಿಸುವವರಲ್ಲ ಎಂಬುದನ್ನು ಗಮನಿಸಬೇಕು. ವಿಮಾನ ಸಂಸ್ಥೆ ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಬಿಡಬಲ್ಲವರು ಮನೆಯೊಳಗಿನ, ಮನೆಯ ಹತ್ತಿರದ ದುರ್ಬಲರು. ಇದರಲ್ಲಿ ಹಿಂಸೆಯಿದೆ ಎಂದರೆ ಅನೇಕರಿಗೆ ಅತಿಶಯೋಕ್ತಿ ಎನಿಸಬಹುದು. ಆದರೆ ಪ್ರಮಾದದಿಂದ ಪರರಿಗೆ ನೋವಾಗುವುದನ್ನು ಹಿಂಸೆಯ ಲಕ್ಷಣದಲ್ಲಿ ಸೇರಿಸಿದ ಪರಂಪರೆಗೆ ಈ ಮಾತು ಹೊಸದಲ್ಲ.

ರೂಪಾಯಿಯ ಇಳಿಕೆಯೂ ಹೊಸದಲ್ಲ. 1966ರ ಜೂನ್ 6ರಂದು ಡಾಲರಿನ ದರವನ್ನು 4.76ರಿಂದ 7.50 ರೂಪಾಯಿಗೆ ಏರಿಸಲಾಯಿತು. 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಮತ್ತೆ ಇಳಿಸಲಾಯಿತು. ಆಗ ಸಾಮಾನ್ಯ ಗೃಹಸ್ಥನ ರಜೆಗೆ ಇದರಿಂದ ನೇರವಾದ ಬಾಧೆ ಇರಲಿಲ್ಲ; ವಿದೇಶಿ ವಿನಿಮಯ ಅವನ ಕೈಗೆ ಸಿಗುತ್ತಲೇ ಇರಲಿಲ್ಲ. ಅರುವತ್ತರ ದಶಕದಲ್ಲಿ ಓದಲೆಂದು ಹೊರಟವರು ಎಂಟು ಡಾಲರು ಜೇಬಿನಲ್ಲಿಟ್ಟುಕೊಂಡು ಹೋದ ಕಥೆ ಇಂದಿಗೂ ಹಿರಿಯರ ಬಾಯಲ್ಲಿದೆ. 2000ದ ಜೂನ್‌ನಲ್ಲಿ ಹಳೆಯ ವಿನಿಮಯ ಕಾಯಿದೆ ಹೋಗಿ ಹೊಸತು ಬಂದಿತು. 2004ರಲ್ಲಿ ವರ್ಷಕ್ಕೆ 25,000 ಡಾಲರು ಹೊರಗೆ ಕಳುಹಿಸುವ ಅವಕಾಶ ಒದಗಿತು. 2015ರಲ್ಲಿ ಆ ಮಿತಿ ಎರಡೂವರೆ ಲಕ್ಷ ಡಾಲರಿಗೆ ಏರಿತು. ಅಂದರೆ ಒಂದು ಕಾಲಕ್ಕೆ ಸರ್ಕಾರವೇ ಪ್ರಜೆಗಳ ಪರವಾಗಿ ದಿಗ್ವ್ರತವನ್ನು ಪಾಲಿಸುತ್ತಿತ್ತು ಎನ್ನಬಹುದು! ಬಲವಂತದ ಬೇಲಿಯಿಂದ ವ್ರತದ ಫಲ ದೊರೆಯದು, ಅದು ಬೇರೆ ಮಾತು. ಬೇಲಿ ತೆಗೆದ ಮೇಲೆ ಪರಿಮಾಣದ ಹೊಣೆ ಮನೆಯ ಹೊಸ್ತಿಲಿಗೆ ಬಂದಿದೆ.

ದಿಗ್ವ್ರತವನ್ನು ಪ್ರಯಾಣನಿಷೇಧವೆಂದು ತಿಳಿಯುವವರಿದ್ದಾರೆ. ಇದು ತಪ್ಪು ಗ್ರಹಿಕೆ. ಜೈನ ಕಥಾಸಾಹಿತ್ಯದ ವಣಿಕರು ಸುವರ್ಣದ್ವೀಪದವರೆಗೂ ಹಡಗೇರಿ ಹೋಗಿದ್ದಾರೆ. ಶ್ರಾವಕನು ಹತ್ತು ದಿಕ್ಕುಗಳಲ್ಲಿ ತನಗೆ ತಾನೇ ಎಲ್ಲೆಯೊಂದನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಈ ವ್ರತದ ಸ್ವರೂಪ. ತತ್ತ್ವಾರ್ಥಸೂತ್ರವು ಇದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು ಮೂರು. ಉಳಿದೆರಡು ಇಲ್ಲಿ ವಿಶೇಷವಾಗಿ ವಿಚಾರಾರ್ಹ. ಒಂದು ಕ್ಷೇತ್ರವೃದ್ಧಿ. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿದ್ದೇವೆಂಬ ನೆಪದಿಂದ ಇನ್ನೊಂದು ದಿಕ್ಕಿನ ಎಲ್ಲೆಯನ್ನು ಹಿಗ್ಗಿಸುವುದು ಇದರಲ್ಲಿ ಬರುತ್ತದೆ. ಯೂರೋಪು ದುಬಾರಿಯಾಯಿತು, ಆದ್ದರಿಂದ ಎರಡು ಸಲ ಥಾಯ್ಲೆಂಡಿಗೆ ಹೋಗೋಣ ಎನ್ನುವವರು ತಮ್ಮನ್ನು ಮಿತವ್ಯಯಿಗಳೆಂದೇ ಭಾವಿಸಿರುತ್ತಾರೆ. ಇನ್ನೊಂದು ಸ್ಮೃತ್ಯಂತರಾಧಾನ, ಎಂದರೆ ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಪರದೇಶದ ಅಂಗಡಿಯಲ್ಲಿ ಕಾರ್ಡನ್ನು ಮುಟ್ಟಿಸಿದಾಗ ಬೆಲೆ ಪರದೇಶದ ನಾಣ್ಯದಲ್ಲಿ ಕಾಣಿಸುತ್ತದೆ. ಮಿತಿಯನ್ನು ಹಾಕಿಕೊಂಡದ್ದು ರೂಪಾಯಿಯಲ್ಲಿ. ಇವೆರಡರ ನಡುವಿನ ಗುಣಾಕಾರವನ್ನು ಸಂತೋಷದಲ್ಲಿರುವ ಮನಸ್ಸು ಮಾಡುವುದಿಲ್ಲ. ಮುಂದಿನ ತಿಂಗಳ ಬಿಲ್ಲು ಮಾಡುತ್ತದೆ. ಕಂತಿನ ಸಾಲ ತೆಗೆದು ಹೋದವರಿಗಂತೂ ಮರೆವಿನ ಅವಧಿ ಇನ್ನೂ ಉದ್ದವಾದದ್ದು. ಹತ್ತು ದಿನದ ವಿಹಾರಕ್ಕೆ ಇಪ್ಪತ್ತನಾಲ್ಕು ತಿಂಗಳ ಋಣ.

ಪ್ರವಾಸವು ಭೋಗವೋ ಉಪಭೋಗವೋ ಎಂಬ ಸ್ವಾರಸ್ಯದ ಜಿಜ್ಞಾಸೆಯೊಂದಿದೆ. ಅನ್ನದಂತೆ ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ವಸ್ತ್ರದಂತೆ ಮತ್ತೆ ಮತ್ತೆ ಅನುಭವಿಸುವುದು ಉಪಭೋಗ ಎಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ವಿಂಗಡಿಸುತ್ತಾರೆ. ಪ್ರಯಾಣ ಒಮ್ಮೆಗೇ ಮುಗಿದರೂ ನೆನಪಿನಲ್ಲಿ ಪುನಃ ಪುನಃ ಅನುಭವಕ್ಕೆ ಬರುತ್ತದೆ. ತಂದೆತಾಯಿಗಳು ಬಿಡುವಾಗಿ ಮಾತನಾಡಿದ ಹತ್ತು ದಿನಗಳು ಮಗುವಿನ ಮನಸ್ಸಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಆದ್ದರಿಂದ ಪ್ರವಾಸವೆಲ್ಲ ವ್ಯರ್ಥವ್ಯಯವೆಂದು ಸಾರುವ ಉಪದೇಶಕರ ಮಾತನ್ನು ಒಪ್ಪಲಾಗದು. ಅನ್ಯರ ಭಾಷೆ, ಆಹಾರ, ಆರಾಧನೆಗಳನ್ನು ಕಣ್ಣಾರೆ ಕಂಡ ಬಾಲಕನಿಗೆ ಅನೇಕಾಂತವನ್ನು ಬೋಧಿಸುವುದು ಸುಲಭವೂ ಹೌದು. ಕೊಟ್ಟ ಮಾತಿಗೂ ತೂಕವಿದೆ. ದರ ಏರಿತೆಂಬ ಒಂದೇ ಕಾರಣ ಹೇಳಿ ಕೈಕೊಡವಿದರೆ ಮಕ್ಕಳು ಸತ್ಯವ್ರತದ ಬಗ್ಗೆ ಯಾವ ಪಾಠ ಕಲಿತಾರು?

ವಿನಿಮಯದ ಇನ್ನೊಂದು ಮುಖದ ಕಡೆ ಗಮನ ಹರಿಯುವುದು ಅಪರೂಪ. ಒಬ್ಬರಿಗೆ ಪ್ರತಿಕೂಲವಾದ ದರ ಮತ್ತೊಬ್ಬರಿಗೆ ಅನುಕೂಲ. 2022ರ ಮಾರ್ಚ್ ಆರಂಭದಲ್ಲಿ ಡಾಲರಿಗೆ ಸುಮಾರು 200ರಷ್ಟಿದ್ದ ಶ್ರೀಲಂಕಾದ ರೂಪಾಯಿ ಮೇ ತಿಂಗಳ ಹೊತ್ತಿಗೆ 350ನ್ನು ಮೀರಿ ಕುಸಿಯಿತು. ಭಾರತದ ಒಂದು ರೂಪಾಯಿಗೆ ಎರಡೂವರೆಗೂ ಮಿಕ್ಕಿ ಸಿಗುತ್ತಿದ್ದ ಅಲ್ಲಿನ ನಾಣ್ಯ ನಾಲ್ಕೂವರೆಯಷ್ಟಾಯಿತು. ಅಲ್ಲಿಯ ಜನ ಇಂಧನಕ್ಕಾಗಿ, ಅಡುಗೆ ಅನಿಲಕ್ಕಾಗಿ ಸಾಲುಗಟ್ಟಿ ನಿಂತಿದ್ದರು. ಆಗ ‘ಶ್ರೀಲಂಕಾಕ್ಕೆ ಹೋಗಲು ಇದು ಒಳ್ಳೆಯ ಸಮಯ’ ಎಂಬ ಮಾತು ಇಲ್ಲಿ ಯಾರ ಬಾಯಲ್ಲಿ ಬಂದಿದ್ದರೂ ಅದನ್ನು ನಿಷ್ಕಲ್ಮಷವೆನ್ನಲಾಗದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ಮೂರನೆಯದು ಬಹಳ ಸೂಕ್ಷ್ಮವಾದುದು. ಪರರ ವಿಪತ್ತಿಗೆ ಕಾರಣರಾಗದೆಯೂ ಅದರಿಂದ ಒದಗಿದ ಅಗ್ಗಕ್ಕೆ ಹಿಗ್ಗುವುದು ಆ ದ್ವಾರದ ಸಮೀಪದ್ದೇ ಆಗಿದೆ. ಹೋಗದಿರುವುದು ಇದಕ್ಕೆ ಪರಿಹಾರವಲ್ಲ. ವಿದೇಶಿ ನಾಣ್ಯಕ್ಕೆ ಹಾತೊರೆಯುವ ದೇಶಕ್ಕೆ ಪ್ರವಾಸಿಯೇ ಆಧಾರ. ದೋಷವಿರುವುದು ಈಗಾಗಲೇ ಅರ್ಧಕ್ಕಿಳಿದ ಬೆಲೆಯಲ್ಲಿ ಮತ್ತೆ ಚೌಕಾಸಿಗೆ ನಿಲ್ಲುವ ಬುದ್ಧಿಯಲ್ಲಿ. ಹಂಪಿಗೆ ಬಂದ ಪರದೇಶದವನು ನಮ್ಮ ಬಳೆಗಾರ್ತಿಯೊಡನೆ ಹತ್ತು ರೂಪಾಯಿಗೆ ಹಟ ಹಿಡಿದರೆ ಯಾರಿಗೆ ಸಹನೆಯಾದೀತು?

ದರ ಇಳಿಯುವುದನ್ನೇ ಕಾಯುತ್ತ ಪ್ರತಿದಿನ ಬೆಳಗ್ಗೆ ಡಾಲರಿನ ಬೆಲೆ ನೋಡುವ ಅಭ್ಯಾಸವೂ ಬೆಳೆದಿದೆ. ನಾಲ್ಕು ಬಗೆಯ ಆರ್ತಧ್ಯಾನಗಳಲ್ಲಿ ಮುಂದಿನ ಭೋಗವನ್ನೇ ಕುರಿತು ಚಿಂತಿಸುವ ನಿದಾನಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯಲಾರದು. ದೇಹ ಹೊರಡುವ ಮೊದಲೇ ಮನಸ್ಸು ನೂರು ಸಲ ಹೋಗಿ ಬಂದು ದಣಿದಿರುತ್ತದೆ.

ಹಾಗಾದರೆ ಸ್ವದೇಶದಲ್ಲೇ ಸಂಚರಿಸಬಹುದಲ್ಲವೇ ಎಂಬ ಸಲಹೆ ಸಹಜವಾದುದು. ಕಾರ್ಕಳದಲ್ಲಿ 1432ರಲ್ಲಿಯೂ ವೇಣೂರಿನಲ್ಲಿ 1604ರಲ್ಲಿಯೂ ನಿಂತ ಬಾಹುಬಲಿ ಮೂರ್ತಿಗಳನ್ನು, ನಡುವೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಾಣದ ಶ್ರಾವಕರ ಮಕ್ಕಳು ಎಷ್ಟೋ ಮಂದಿ. ಆದರೂ ಈ ಸಲಹೆಯಲ್ಲಿ ಒಂದು ಎಚ್ಚರ ಅಗತ್ಯ. ಡಾಲರು ಏರಿತೆಂಬ ಕಾರಣಕ್ಕೆ ತೀರ್ಥಕ್ಷೇತ್ರವನ್ನು ಅಗ್ಗದ ಬದಲಿಯಾಗಿ ಆರಿಸಿಕೊಂಡರೆ ಮಕ್ಕಳು ಅದನ್ನು ದಂಡನೆಯೆಂದೇ ಭಾವಿಸುತ್ತಾರೆ. ಕ್ಷೇತ್ರದರ್ಶನಕ್ಕೆ ಹೋಗುವುದಾದರೆ ಅದರ ಸಲುವಾಗಿಯೇ ಹೋಗಬೇಕು. ಬಾಲಿ ತಪ್ಪಿತೆಂಬ ಸಮಾಧಾನಕ್ಕಾಗಿ ಅಲ್ಲ.

ದಾವಣಗೆರೆಯ ಆ ಮನೆಯಲ್ಲಿ ಒಂದು ಸಂಜೆ ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಲೆಕ್ಕದ ಪುಸ್ತಕವನ್ನು ತೆರೆದರು ಎಂದುಕೊಳ್ಳೋಣ. ಮೊದಲ ಸಾಲಿನಲ್ಲಿ ಮೊಣಕಾಲಿನ ಚಿಕಿತ್ಸೆ, ಎರಡನೆಯದರಲ್ಲಿ ಕೆಲಸದಾಕೆಯ ಸಂಬಳ, ಮೂರನೆಯದರಲ್ಲಿ ವಿದ್ಯಾರ್ಥಿಯ ಶುಲ್ಕ. ಇವುಗಳನ್ನು ಮುಟ್ಟುವಂತಿಲ್ಲವೆಂದು ಗೆರೆ ಎಳೆದ ಮೇಲೆ ಉಳಿದ ಮೊತ್ತ ಪ್ರವಾಸದ್ದು. ಹಿರಿಯ ಮಗಳು ಅದನ್ನು ತೊಂಬತ್ತರಿಂದ ಭಾಗಿಸಿ ನೋಡಿದಳು. ಹತ್ತು ದಿನಕ್ಕೆ ಸಾಲದು, ಆರು ದಿನಕ್ಕೆ ಸಾಕು. ಇಲ್ಲವೇ ಇನ್ನೊಂದು ವರ್ಷ ಕಾಯಬೇಕು. ಆಗ ದರ ಎಷ್ಟಿರುವುದೋ ಯಾರೂ ಅರಿಯರು. ಕಿರಿಯವನು ಆರು ದಿನವೇ ಆಗಲೆಂದ. ಅಜ್ಜಿ ಚಿಕಿತ್ಸೆಯ ಸಾಲನ್ನು ಅಳಿಸಿರೆಂದು ಮತ್ತೊಮ್ಮೆ ಹೇಳಿದರು. ಮಗಳು ಲೇಖನಿಯನ್ನು ಅವರ ಕೈಗೆ ಸಿಗದಂತೆ ಎತ್ತಿಟ್ಟಳು.