ಮಕ್ಕಳು ನೋಡುತ್ತಿರುತ್ತಾರೆ

ಗಾಂಧೀಜಿಯ ತಾಯಿ ಪುತಲೀಬಾಯಿ ಒಂದು ಚಾತುರ್ಮಾಸದಲ್ಲಿ ಸೂರ್ಯನನ್ನು ಕಾಣದೆ ಊಟ ಮಾಡುವುದಿಲ್ಲವೆಂದು ವ್ರತ ಹಿಡಿದಿದ್ದರು. ಮೊದಲೇ ಮಳೆಗಾಲ. ಮಕ್ಕಳು ಹೊರಗೆ ನಿಂತು ಮುಗಿಲನ್ನೇ ನೋಡುತ್ತಿದ್ದರು. ಸೂರ್ಯ ಇಣುಕಿದ್ದೇ ತಡ, ಒಳಗೋಡಿ ಅಮ್ಮನನ್ನು ಕರೆಯುತ್ತಿದ್ದರು. ಆಕೆ ಬರುವಷ್ಟರಲ್ಲಿ ಮತ್ತೆ ಮೋಡ. ದೇವರು ಇವತ್ತು ಊಟ ಬೇಡ ಅಂತಿದ್ದಾನೆ ಎಂದು ನಗುಮುಖದಲ್ಲೇ ಆಕೆ ಮನೆಗೆಲಸಕ್ಕೆ ಮರಳುತ್ತಿದ್ದರಂತೆ.

ಮಗ ಮುಂದೆ ಆತ್ಮಕಥೆಯಲ್ಲಿ ಇದನ್ನು ಬರೆದಾಗ ಅದರಲ್ಲಿ ತಾಯಿಯ ಬುದ್ಧಿಮಾತು ಒಂದೂ ಇಲ್ಲ, ಕಂಡದ್ದಷ್ಟೇ ಇದೆ. 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟ ಆ ಮಗ, ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಹೋದರು. ಅಲ್ಲಿ ಮಾಂಸ ತಿನ್ನು ಎಂದು ಸ್ನೇಹಿತರು ಎಷ್ಟೇ ಒತ್ತಾಯ ಮಾಡಿದರೂ ಬಗ್ಗಲಿಲ್ಲ. ಹಸಿವನ್ನು ತಡೆದುಕೊಂಡು ಮಾತು ಉಳಿಸಿಕೊಳ್ಳುವುದನ್ನು ಅವರು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದರಲ್ಲ!

ಅದೇ ಮನೆಯ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಪಾಯಿಖಾನೆ ಶುಚಿ ಮಾಡಲು ಉಕಾ ಎಂಬಾತ ಬರುತ್ತಿದ್ದ. ಅವನನ್ನು ಮುಟ್ಟಬಾರದು, ಮುಟ್ಟಿದರೆ ಮೈಲಿಗೆ ಕಳೆದುಕೊಳ್ಳಬೇಕು ಎಂಬುದು ಮನೆಯ ಕಟ್ಟಳೆ. ಹನ್ನೆರಡರ ಆಸುಪಾಸಿನ ಹುಡುಗ ಹೆತ್ತವರೊಡನೆ ವಾದಕ್ಕಿಳಿದ: ಮುಟ್ಟಿದರೆ ತಪ್ಪೇನು? 1921ರಲ್ಲಿ ಅಹಮದಾಬಾದಿನ ಸಭೆಯೊಂದರಲ್ಲಿ ಗಾಂಧೀಜಿ ಇದನ್ನು ತಾವೇ ಹೇಳಿದರು. ವ್ರತ ಕಲಿಸಿದ ತಾಯಿಯೇ ಮೈಲಿಗೆಯನ್ನೂ ಕಲಿಸಿದ್ದರು. ಮಗ ಮೊದಲನೆಯದನ್ನು ಉಳಿಸಿಕೊಂಡರು, ಎರಡನೆಯದರ ವಿರುದ್ಧ ಜೀವನವಿಡೀ ನಿಂತರು.

ಎಲ್ಲ ಮಕ್ಕಳೂ ಹೀಗೆ ಆರಿಸಿಕೊಳ್ಳುವುದಿಲ್ಲ. ಬಹುಪಾಲು ಮಕ್ಕಳು ಕಂಡದ್ದನ್ನು ಕಂಡಂತೆಯೇ ಎತ್ತಿಕೊಳ್ಳುತ್ತಾರೆ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಹೋದ್ಯೋಗಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಬಡಿಯುವುದನ್ನು ಕಂಡ ಮಕ್ಕಳಲ್ಲಿ ಅನೇಕರು ಆಮೇಲೆ ಹಾಗೆಯೇ ಬಡಿದರು. ದೊಡ್ಡವರಾಡಿದ ಮಾತುಗಳನ್ನೂ ಆಡಿದರು. ಹೊಡಿ ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ 'ಸಂಸ್ಕಾರ' ಎಂದು ನಾವು ಹೆಮ್ಮೆಯಿಂದ ಹೇಳುವಾಗ ಅದರೊಳಗೆ ಏನೇನಿದೆ ಎಂದು ಬಿಚ್ಚಿ ನೋಡಬೇಕು. ನಿತ್ಯ ದೀಪ ಹಚ್ಚುವ, ಹಿರಿಯರ ಕಾಲಿಗೆ ನಮಸ್ಕರಿಸುವ ಮನೆಗಳಲ್ಲೇ ಕೆಲಸದಾಕೆಗೆಂದು ಬೇರೆ ಲೋಟ ಇನ್ನೂ ಇದೆ. ಕಾಫಿ ಕುಡಿದು ತಾನೇ ತೊಳೆದು, ಹಿತ್ತಲ ಕಿಟಕಿಯ ಮೇಲೆ ಬೋರಲು ಹಾಕಿ ಹೋಗುತ್ತಾಳೆ. ಅಮ್ಮನಿಗಿಂತ ಹಿರಿಯಳಾದ ಅವಳನ್ನು ಆರು ವರ್ಷದ ಮಗು 'ಬಾ, ಹೋಗು' ಎನ್ನುತ್ತದೆ. ಮಗುವಿಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಅಪ್ಪ ಮನೆಯಲ್ಲೇ ಕೂತು ಫೋನಿನಲ್ಲಿ 'ದಾರೀಲಿದ್ದೀನಿ' ಎನ್ನುವುದೂ ಅದರ ಕಿವಿಗೆ ಬೀಳುತ್ತಿರುತ್ತದೆ.

ಇದನ್ನು ಬದಲಿಸಲು ದೊಡ್ಡ ಸಂಕಲ್ಪವೇನೂ ಬೇಡ. ನಾಳೆ ಬೆಳಿಗ್ಗೆ ಮನೆಮಂದಿ ಕುಡಿಯುವ ಲೋಟದಲ್ಲೇ ಅವಳಿಗೂ ಕಾಫಿ ಕೊಡಿ. 'ಕೂತ್ಕೊಳ್ಳಿ ಅಕ್ಕ' ಎಂದು ಮಗುವಿನ ಎದುರಿಗೇ ಹೇಳಿ.